ಚಳಿಗಾಲದ ಕಷಾಯವೂ ಹಿತ್ತಿಲ ಮಡಿಯೂ

ಕಾರ್ತಿಕವು ಕಳೆದು ಮಾರ್ಗಶಿರವು ಕಾಲಿಡುತ್ತಲೇ ನಮ್ಮ ನಾಡಿನಲ್ಲಿ ಗಾಳಿಯ ಗುಣವು ಬದಲಾಗುವುದು. ಈಶಾನ್ಯದ ಒಣಗಾಳಿಯು ತುಟಿಯನ್ನೊಡೆಯಿಸುವುದು. ಬೆಳಗಿನ ಮಂಜು ಹೊತ್ತೇರುವವರೆಗೂ ಹೊಲಗದ್ದೆಗಳ ಮೇಲೆ ಕವಿದಿರುವುದು. ಬೇಸಾಯಗಾರನಿಗಾದರೋ ಇದು ಹೊದ್ದು ಮಲಗುವ ಕಾಲವಲ್ಲ. ಮೈದಾನ ಸೀಮೆಯಲ್ಲಿ ರಾಗಿಯ ಕೊಯ್ಲು ಮತ್ತು ಕಣದ ಕೆಲಸ, ಮಲೆನಾಡಿನಲ್ಲಿ ಅಡಕೆಯ ಕೊಯ್ಲು ಮತ್ತು ಕಾಫಿ ಹಣ್ಣನ್ನು ಬಿಡಿಸುವ ಕೆಲಸ, ಉತ್ತರದ ಕರಿಮಣ್ಣಿನ ಸೀಮೆಯಲ್ಲಿ ಹಿಂಗಾರಿ ಜೋಳದ ಕಾವಲು, ಇವೆಲ್ಲವೂ ಈ ಎರಡು ಮೂರು ತಿಂಗಳುಗಳಲ್ಲಿಯೇ ಒದಗಿಬರತಕ್ಕವು. ಮನೆಮಂದಿಯೆಲ್ಲರೂ ಗಟ್ಟಿಯಾಗಿರಬೇಕಾದ ಈ ಸಮಯದಲ್ಲಿಯೇ ಒಬ್ಬರಿಗಲ್ಲದಿದ್ದರೆ ಇನ್ನೊಬ್ಬರಿಗೆ ನೆಗಡಿ, ಕೆಮ್ಮು, ಗಂಟಲು ಕೆರೆತ ತಲೆದೋರುವುದು. ಆಗ ಒಲೆಯ ಮೇಲೆ ಕಷಾಯದ ಪಾತ್ರೆಯು ಏರುವುದು ನಮ್ಮಲ್ಲಿ ಬಹುಕಾಲದ ಪದ್ಧತಿ.

ಈ ಪದ್ಧತಿಯು ಇಂದಿಗೂ ಅಳಿದಿಲ್ಲವೆಂಬುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಪಾತ್ರೆಯೊಳಗೆ ಬೀಳುವ ವಸ್ತುವು ಎಲ್ಲಿಂದ ಬರುವುದೆಂದು ವಿಚಾರಿಸಿದರೆ ಸಂತೋಷವು ಅರ್ಧಕ್ಕಿಳಿಯುವುದು. ಶುಂಠಿಯನ್ನು ಚೀಲಗಟ್ಟಲೆ ಬೆಳೆದು ಮಂಡಿಗೆ ಹಾಕಿದ ಒಕ್ಕಲು, ಚಳಿಗಾಲದಲ್ಲಿ ಕಷಾಯದ ಪುಡಿಯ ಪೊಟ್ಟಣವನ್ನು ಪೇಟೆಯಿಂದ ಕೊಂಡು ತರುವುದನ್ನು ನಾವು ಕಾಣುತ್ತಿದ್ದೇವೆ. ಮೆಣಸು ಬೆಳೆದವನೂ ಅಷ್ಟೆ. ಕೊತ್ತಂಬರಿ ಬೆಳೆದವನೂ ಅಷ್ಟೆ. ತಾನು ಚೀಲದ ಲೆಕ್ಕದಲ್ಲಿ ಮಾರಿದ ಪದಾರ್ಥವನ್ನೇ ಚಮಚದ ಲೆಕ್ಕದಲ್ಲಿ ಹಿಂದಕ್ಕೆ ಕೊಳ್ಳುವ ಈ ವ್ಯಾಪಾರದಲ್ಲಿ ಲಾಭವು ಯಾರದೆಂಬುದನ್ನು ಹೇಳಬೇಕಾಗಿಲ್ಲ.

ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇಂಥ ಸಂದರ್ಭದಲ್ಲಿ ಹಿರಿಯರು ಆಡುವರು. ಕೈಗೆಟಕುವ ವಸ್ತುವನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಅದು ಹಳಿಯುತ್ತದೆ. ಆದರೆ ಈ ಗಾದೆಯ ಮಾತನ್ನು ಅಕ್ಷರಶಃ ತೆಗೆದುಕೊಂಡರೂ ಅದರಲ್ಲಿ ಒಂದು ವಿವೇಕವುಂಟು. ಹಿತ್ತಿಲ ಗಿಡದಿಂದಾದ ದಿನನಿತ್ಯದ ಕಷಾಯವು ನಿಜವಾಗಿಯೂ ಮದ್ದಲ್ಲ, ಅದು ಆಹಾರ. ಸಾರಿಗೂ ಹುಳಿಗೂ ಯಾವ ಒಲೆಯೋ ಯಾವ ಕೈಯೋ ಅದೇ ಒಲೆಯಲ್ಲಿ ಅದೇ ಕೈಯಿಂದ ಆಗತಕ್ಕ ಪಾನೀಯವದು. ಅದನ್ನು ಆಹಾರವೆಂದು ತಿಳಿದವರು ಮನೆಯ ಮಗ್ಗುಲಲ್ಲಿಯೇ ಬೆಳೆಯುವರು, ಅಡಿಗೆಯ ಮಿತಿಯಲ್ಲಿಯೇ ಕುಡಿಯುವರು, ನಿಜವಾದ ರೋಗವು ಬಂದಾಗ ವೈದ್ಯರ ಬಳಿಗೆ ಹೋಗುವರು. ಮದ್ದೆಂದು ತಿಳಿದವರು ಪೊಟ್ಟಣವನ್ನು ಕೊಳ್ಳುವರು, ಮಿತಿಮೀರಿ ಕುಡಿಯುವರು, ವೈದ್ಯರ ಬಳಿಗೆ ಹೋಗಬೇಕಾದ ದಿನವನ್ನು ಮುಂದೂಡುವರು. ಆದಕಾರಣ ಕಷಾಯವನ್ನು ಪುನಃ ಹಿತ್ತಿಲಿಗೂ ಅಡಿಗೆಮನೆಗೂ ಸೇರಿಸಬೇಕೆಂಬುದೇ ನಮ್ಮ ಅಭಿಪ್ರಾಯ.

ನಮ್ಮ ಹಿರಿಯರು ಋತುವಿಗೆ ತಕ್ಕಂತೆ ಆಹಾರವನ್ನು ಬದಲಾಯಿಸುತ್ತಿದ್ದ ಕ್ರಮವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಧನುರ್ಮಾಸದಲ್ಲಿ ನಸುಕಿನಲ್ಲಿಯೇ ಮಾಡುವ ಹುಗ್ಗಿಯಲ್ಲಿ ಹೆಸರುಬೇಳೆಯೊಡನೆ ಮೆಣಸು, ಜೀರಿಗೆ, ಶುಂಠಿಗಳು ಬೀಳುವುವು. ಮಕರ ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿಗಳನ್ನು ಬೆರೆಸಿ ಮನೆಮನೆಗೂ ಬೀರುವರು. ಚಳಿಯಲ್ಲಿ ಮೈಗೆ ಬೇಕಾದ ಜಿಡ್ಡೂ ಬಲವೂ ಹೀಗೆ ಹಬ್ಬದ ಹೆಸರಿನಲ್ಲಿಯೇ ದೊರಕುತ್ತಿದ್ದುವು. ಕಷಾಯವೂ ಇದೇ ಪಂಕ್ತಿಗೆ ಸೇರಿದ್ದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಕೊತ್ತಂಬರಿ ಜೀರಿಗೆಯ ಕಷಾಯವನ್ನು ಹಾಲು ಬೆಲ್ಲದೊಡನೆ ಬಂದವರಿಗೆಲ್ಲ ಕೊಡುವ ವಾಡಿಕೆಯು ಇಂದಿಗೂ ಅನೇಕ ಮನೆಗಳಲ್ಲುಂಟು. ಅಲ್ಲಿ ಅದು ರೋಗಿಯ ಪಾನೀಯವಲ್ಲ, ಅತಿಥಿಯ ಪಾನೀಯ.

ಚಹವೂ ಕಾಫಿಯೂ ಆ ಸ್ಥಾನವನ್ನು ಹೇಗೆ ಹಿಡಿದುವೆಂಬುದನ್ನು ಸ್ವಲ್ಪ ಯೋಚಿಸಬೇಕು. ಚಹದ ಪ್ರಚಾರಕ್ಕೆಂದೇ ಸುಂಕವೆತ್ತುವ ಕಾಯಿದೆಯು ೧೯೦೩ರಲ್ಲಿಯೇ ಆಯಿತು. ಕಾಫಿಗೆ ೧೯೪೨ರ ಕಾಯಿದೆಯುಂಟು; ಅದರ ಮಂಡಳಿಯು ಬೆಂಗಳೂರಿನಲ್ಲಿಯೇ ಇದೆ. ಸಾಂಬಾರ ಪದಾರ್ಥಗಳ ರಫ್ತಿಗೆ ೧೯೮೭ರಿಂದ ಕೇಂದ್ರದ ಮಂಡಳಿಯೊಂದು ಕೆಲಸಮಾಡುತ್ತಿದೆ. ಇವುಗಳಿಂದ ಬೆಳೆಗಾರರಿಗೆ ಉಪಕಾರವಾಗಿರುವುದನ್ನು ಅಲ್ಲಗಳೆಯಲಾಗದು. ಆದರೆ ಹಿತ್ತಿಲ ಕಷಾಯಕ್ಕೆ ಮಂಡಳಿಯಿಲ್ಲ, ಜಾಹೀರಾತಿಲ್ಲ. ಅದರ ಪ್ರಚಾರವನ್ನು ಇದುವರೆಗೆ ಮಾಡಿದವರು ಮನೆಯ ಅಜ್ಜಿಯರು ಮಾತ್ರ. ಅವರ ಕಾಲವು ಮುಗಿಯುತ್ತ ಬಂದಂತೆ ಆ ತಿಳಿವಳಿಕೆಯೂ ಮುಗಿಯುವ ಭಯವುಂಟು.

ಚಹವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಹೇಳಿದರೂ ಕೇಳುವವರು ವಿರಳ. ಆದರೆ ಹೊಲದಲ್ಲಿ ದುಡಿಯುವ ಗಂಡಸರೂ ಹೆಂಗಸರೂ ದಿನಕ್ಕೆ ನಾಲ್ಕೈದು ಸಲ ಚಹ ಕುಡಿಯುವುದೂ, ಊಟದ ಬದಲಿಗೇ ಅದನ್ನು ಕುಡಿಯುವುದೂ, ಚಿಕ್ಕ ಮಕ್ಕಳಿಗೂ ಅದನ್ನೇ ಕೊಡುವುದೂ ಒಳ್ಳೆಯದಲ್ಲ. ಚಹದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವು ಊಟದೊಳಗಿನ ಕಬ್ಬಿಣದ ಅಂಶವು ಮೈಗೂಡದಂತೆ ತಡೆಯುವುದು. ರಕ್ತಹೀನತೆಯು ನಮ್ಮ ಹಳ್ಳಿಯ ಹೆಂಗಸರಲ್ಲಿ ಎಷ್ಟು ಸಾಧಾರಣವೆಂಬುದು ಎಲ್ಲರಿಗೂ ತಿಳಿದ ವಿಷಯ. ಚಳಿಗಾಲದಲ್ಲಿಯಾದರೂ ದಿನದ ಒಂದೆರಡು ಲೋಟ ಚಹದ ಸ್ಥಾನದಲ್ಲಿ ಕಷಾಯವು ಬಂದರೆ ಅಷ್ಟರಮಟ್ಟಿಗೆ ಹಿತವೇ ಸರಿ.

ಇನ್ನು ಪೊಟ್ಟಣದ ವಿಚಾರ. ಪುಡಿಯಾದ ಪದಾರ್ಥದಲ್ಲಿ ಏನೇನು ಬೆರೆತಿದೆಯೆಂಬುದನ್ನು ಕಣ್ಣು ಕಾಣಲಾರದು. ಮೆಣಸಿನ ಕಾಳಿನೊಡನೆ ಪರಂಗಿ ಬೀಜವನ್ನು ಒಣಗಿಸಿ ಬೆರೆಸುವ ಮೋಸವು ಹಳೆಯದು. ಕಾಳಾಗಿದ್ದರೆ ಅದನ್ನು ನೀರಿನಲ್ಲಿ ಹಾಕಿ ನೋಡಬಹುದು. ಒಳ್ಳೆಯ ಮೆಣಸು ತಳಕ್ಕಿಳಿಯುವುದು, ಪರಂಗಿ ಬೀಜವು ತೇಲುವುದು. ಪುಡಿಯಾದ ಮೇಲೆ ಈ ಪರೀಕ್ಷೆಯು ಸಾಧ್ಯವಿಲ್ಲ. ಅರಿಶಿನದ ಪುಡಿಗೆ ಬಣ್ಣವೇರಲೆಂದು ಸೀಸದ ಕ್ರೋಮೇಟ್ ಎಂಬ ವಿಷವನ್ನು ಬೆರೆಸುವ ದುಷ್ಟತನವೂ ಕೆಲವೆಡೆ ಬಯಲಾಗಿದೆ. ಎಲ್ಲ ವ್ಯಾಪಾರಿಗಳೂ ಹೀಗೆಂದು ಹೇಳುವುದು ಅನ್ಯಾಯ. ಪ್ರಾಮಾಣಿಕರೂ ಬಹುಮಂದಿ ಇದ್ದಾರೆ. ಆದರೂ ಪ್ರಾಮಾಣಿಕನ ಪುಡಿಯೂ ತಿಂಗಳುಗಟ್ಟಲೆ ಪೊಟ್ಟಣದಲ್ಲಿದ್ದರೆ ಅದರ ಘಮವು ಹಾರಿಹೋಗುವುದು. ಕಷಾಯದ ಗುಣವು ಬಹುಮಟ್ಟಿಗೆ ಆ ಘಮದಲ್ಲಿಯೇ ಇರತಕ್ಕದ್ದು. ಆದುದರಿಂದ ಕೊಳ್ಳಲೇಬೇಕಾದ ಪದಾರ್ಥವನ್ನು ಇಡಿಯಾಗಿ ಕೊಂಡು ಮನೆಯಲ್ಲಿಯೇ ಪುಡಿಮಾಡುವುದು ಲೇಸು.

ಕೊಳ್ಳಲೇಬೇಕಾದುವು ಕೆಲವೇ ಕೆಲವು. ಜೀರಿಗೆಯು ಮುಖ್ಯವಾಗಿ ಗುಜರಾತ, ರಾಜಸ್ಥಾನಗಳಿಂದ ಬರುವುದು. ಅದನ್ನು ನಾವು ಬೆಳೆದುಕೊಳ್ಳುವುದು ಸುಲಭವಲ್ಲ. ಜ್ಯೇಷ್ಠಮಧುವೂ ನಮ್ಮ ಬೆಳೆಯಲ್ಲ. ಮಿಕ್ಕವನ್ನೆಲ್ಲ ಒಂದು ಸಣ್ಣ ಮಡಿಯಲ್ಲಿ ಬೆಳೆಯಬಹುದು. ಹತ್ತು ಅಡಿ ಉದ್ದ, ಆರು ಅಡಿ ಅಗಲದ ನೆಲವಿದ್ದರೆ ಐದಾರು ಮಂದಿಯ ಒಂದು ಸಂಸಾರಕ್ಕೆ ಸಾಕು. ಬಾವಿಯ ಬಳಿಯೋ ನಲ್ಲಿಯ ಬಳಿಯೋ ನೆಲವನ್ನು ಆರಿಸಬಹುದು. ಆದರೆ ಸಾಬೂನಿನ ಬಚ್ಚಲ ನೀರು ಬಂದು ನಿಲ್ಲುವ ತಗ್ಗು ಸ್ಥಳವು ಯೋಗ್ಯವಲ್ಲ.

ಈ ಮಡಿಯಲ್ಲಿ ಎರಡು ತುಳಸಿ ಗಿಡಗಳಿರಲಿ. ಹೂವಿನ ತೆನೆಯನ್ನು ಆಗಾಗ ಚಿವುಟುತ್ತಿದ್ದರೆ ಗಿಡವು ಎಲೆಯಿಂದ ತುಂಬಿಕೊಳ್ಳುವುದು. ದೊಡ್ಡಪತ್ರೆಯ ಗೆಣ್ಣುಳ್ಳ ನಾಲ್ಕು ತುಂಡುಗಳನ್ನು ನೆಟ್ಟರೆ ಸಾಕು, ಬೇರೇನೂ ಬೇಕಾಗಿಲ್ಲ; ಇದನ್ನು ಕೆಲವು ಸೀಮೆಗಳಲ್ಲಿ ಸಾಂಬಾರಸೊಪ್ಪೆಂದೂ ಕರೆಯುವರು. ಮಜ್ಜಿಗೆಹುಲ್ಲಿನ, ಎಂದರೆ ನಿಂಬೆಹುಲ್ಲಿನ, ಎರಡು ಮೂರು ಬುಡಗಳನ್ನು ಮಡಿಯ ಅಂಚಿಗೆ ಹಾಕಿದರೆ ಮಣ್ಣೂ ಕೊಚ್ಚಿಹೋಗದು. ಕೊತ್ತಂಬರಿಯನ್ನು ಹಿಂಗಾರಿನ ಆರಂಭದಲ್ಲಿ, ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮೂರು ಮೂರೂವರೆ ತಿಂಗಳುಗಳಲ್ಲಿ ಕಾಳು ಕೈಗೆ ಬರುವುದು.

ಶುಂಠಿ ಅರಿಶಿನಗಳನ್ನು ನೆಡುವ ಕಾಲವು ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳು. ಒಂದೆರಡು ಮೊಳಕೆಯ ಕಣ್ಣುಳ್ಳ, ಇಪ್ಪತ್ತು ಇಪ್ಪತ್ತೈದು ಗ್ರಾಮ್ ತೂಕದ ಗಡ್ಡೆಯ ತುಂಡನ್ನು ನೆಟ್ಟು, ಮೇಲೆ ಹಸಿರೆಲೆಯ ಹೊದಿಕೆಯನ್ನು ಹಾಕಬೇಕು. ಶುಂಠಿಗೆ ಕೊಳೆರೋಗವು ದೊಡ್ಡ ಶತ್ರುವಾದ್ದರಿಂದ ನೀರು ನಿಲ್ಲದಂತೆ ಏರುಮಡಿಯನ್ನು ಮಾಡುವುದೂ, ಮರುವರುಷ ಅದೇ ಜಾಗದಲ್ಲಿ ನೆಡದಿರುವುದೂ ಅವಶ್ಯಕ. ಮಲೆನಾಡಿನವರಿಗೆ ಮೆಣಸಿನ ಬಳ್ಳಿಯ ಮಾತನ್ನು ಹೇಳಬೇಕಾಗಿಲ್ಲ. ಬಯಲುಸೀಮೆಯವರು ಪೊದೆಮೆಣಸನ್ನು ಕುಂಡದಲ್ಲಿಟ್ಟು ಅರೆನೆರಳಿನಲ್ಲಿ ಸಾಕಬಹುದು. ಬಳ್ಳಿಯ ಅಡ್ಡಕವಲುಗಳಿಂದ ಎಬ್ಬಿಸಿದ ಈ ಸಸಿಯು ಮೇಲೆ ಹಬ್ಬದೆ ಪೊದೆಯಾಗಿಯೇ ಕಾಯಿ ಬಿಡುವುದು.

ನಮ್ಮ ವಾಚಕರಲ್ಲಿ ಹೆಚ್ಚಿನವರು ಬೇಸಾಯಗಾರರಾದ್ದರಿಂದ ಒಂದು ಎಚ್ಚರಿಕೆಯನ್ನು ಮುಖ್ಯವಾಗಿ ಹೇಳಬೇಕಾಗಿದೆ. ಕಷಾಯದ ಗಿಡಗಳು ಔಷಧ ಸಿಂಪಡಿಸುವ ಹೊಲದ ಬದುವಿನಲ್ಲಿರಕೂಡದು. ಹತ್ತಿ, ಮೆಣಸಿನಕಾಯಿ, ಟೊಮ್ಯಾಟೊ ಬೆಳೆಗಳಿಗೆ ಸಿಂಪಡಿಸಿದ ಕೀಟನಾಶಕದ ತುಂತುರು ಗಾಳಿಯಲ್ಲಿ ತೇಲಿಬಂದು ಬದುವಿನ ತುಳಸಿಯ ಮೇಲೆಯೂ ಕೂರುವುದು. ಮಾರಾಟಕ್ಕೆಂದು ಬೆಳೆದ ಶುಂಠಿಯ ಮಡಿಗಳಿಗೆ ಎಷ್ಟು ಬಗೆಯ ರಾಸಾಯನಿಕಗಳು ಬೀಳುತ್ತವೆಂಬುದು ಬೆಳೆಗಾರನಿಗೇ ಚೆನ್ನಾಗಿ ಗೊತ್ತು; ಆ ಶುಂಠಿಯನ್ನು ತನ್ನ ಮಕ್ಕಳ ಕಷಾಯಕ್ಕೆ ಹಾಕಲು ಆತನ ಮನಸ್ಸೇ ಹಿಂಜರಿದರೆ ಆಶ್ಚರ್ಯವಿಲ್ಲ. ಮನೆಯ ಬಳಿಯ ಮಡಿಗೆ ಕೊಟ್ಟಿಗೆ ಗೊಬ್ಬರವನ್ನಲ್ಲದೆ ಬೇರೇನನ್ನೂ ಹಾಕದಿರುವುದು ಉತ್ತಮ. ಮಗನಿಗೆ ಕೊಡಲಾಗದ ಶುಂಠಿಯನ್ನು ಪರರಿಗೆ ಮಾರುವುದು ಸರಿಯೇ ಎಂಬ ಪ್ರಶ್ನೆಯು ಈ ಸಣ್ಣ ಮಡಿಯಿಂದ ಹುಟ್ಟಿ ದೊಡ್ಡ ಹೊಲದವರೆಗೂ ಹೋದರೆ ಅದೂ ಒಳ್ಳೆಯದೇ.

ಬೆಳೆದುದನ್ನು ಕೆಡದಂತೆ ಕಾದಿಡುವುದು ಎರಡನೆಯ ಕೆಲಸ. ಬಲಿತ ಶುಂಠಿಯನ್ನು ತೊಳೆದು, ನೀರಿನಲ್ಲಿ ನೆನೆಯಿಸಿ, ಮೇಲಿನ ಸಿಪ್ಪೆಯನ್ನು ತೆಳುವಾಗಿ ಹೆರೆದು, ವಾರ ಹತ್ತು ದಿನ ಬಿಸಿಲಿನಲ್ಲಿ ಒಣಗಿಸಿದರೆ ಒಣಶುಂಠಿಯಾಗುವುದು. ಐದು ಸೇರು ಹಸಿಶುಂಠಿಗೆ ಸುಮಾರು ಒಂದು ಸೇರು ಒಣಶುಂಠಿ ಸಿಗುವುದು. ಅರಿಶಿನವನ್ನು ಮೆತ್ತಗಾಗುವವರೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಹೊತ್ತು ಬೇಯಿಸಿ, ಹತ್ತು ಹದಿನೈದು ದಿನ ಒಣಗಿಸಬೇಕು. ಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಬಿಡಿಸಿ, ಕಾಳುಗಳನ್ನು ಬುಟ್ಟಿಯಲ್ಲಿಟ್ಟು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬೇಗನೆ ಒಣಗಿ ಒಂದೇ ಸಮನಾದ ಕರಿಬಣ್ಣವು ಬರುವುದು. ತುಳಸಿ ಮುಂತಾದ ಎಲೆಗಳನ್ನಾದರೋ ನೆರಳಿನಲ್ಲಿಯೇ ಒಣಗಿಸಬೇಕು. ಅರೆಬರೆ ಒಣಗಿದ ಯಾವ ಪದಾರ್ಥವನ್ನೂ ಡಬ್ಬಿಗೆ ತುಂಬಕೂಡದು. ಬೂಷ್ಟು ಹಿಡಿದ ಸಾಂಬಾರ ಪದಾರ್ಥದಲ್ಲಿ ಯಕೃತ್ತಿಗೆ ಕೇಡುಮಾಡುವ ವಿಷವು ಹುಟ್ಟಬಹುದು. ಅಂಥದನ್ನು ತೊಳೆದು ಉಪಯೋಗಿಸದೆ ಎಸೆದುಬಿಡಬೇಕು.

ಪುಡಿಯ ಪ್ರಮಾಣವು ಮನೆಮನೆಗೂ ಬೇರೆ. ಸಾಧಾರಣವಾಗಿ ಕೊತ್ತಂಬರಿ ಬೀಜ ಎಂಟು ಭಾಗ, ಜೀರಿಗೆ ನಾಲ್ಕು ಭಾಗ, ಮೆಣಸು ಒಂದು ಭಾಗ, ಒಣಶುಂಠಿ ಒಂದು ಭಾಗ, ಮೆಂತ್ಯ ಅರ್ಧ ಭಾಗ ಇದ್ದರೆ ಮಕ್ಕಳಿಗೂ ಹಿರಿಯರಿಗೂ ಒಗ್ಗುವುದು. ಒಂದೊಂದನ್ನೂ ಬೇರೆಬೇರೆಯಾಗಿ, ಘಮ ಬರುವಷ್ಟು ಮಾತ್ರ ಹುರಿದು, ಆರಿದ ಮೇಲೆ ಪುಡಿಮಾಡಿ, ಗಾಜಿನ ಶೀಸೆಯಲ್ಲಿಟ್ಟು ಬಿಗಿಯಾಗಿ ಮುಚ್ಚಿಡಬೇಕು. ಎರಡು ಮೂರು ತಿಂಗಳಿಗಾಗುವಷ್ಟನ್ನು ಮಾತ್ರ ಮಾಡಿಕೊಳ್ಳುವುದು ಲೇಸು. ಒಂದು ದೊಡ್ಡ ಲೋಟ ನೀರಿಗೆ ಒಂದು ಚಹದ ಚಮಚ ಪುಡಿಯನ್ನು ಹಾಕಿ, ಮೂರು ನಾಲ್ಕು ನಿಮಿಷ ಕುದಿಸಿ, ಬೆಲ್ಲ ಸೇರಿಸಿ ಸೋಸಿ ಕುಡಿಯಬಹುದು. ಬೇಕಾದವರು ಹಾಲನ್ನು ಬೆರೆಸಿಕೊಳ್ಳಲಿ.

ಹಸಿ ಎಲೆಗಳ ಕ್ರಮವು ಬೇರೆ. ಆಯುರ್ವೇದದವರು ಕಷಾಯದ ಕಲ್ಪನೆಗಳಲ್ಲಿ ಕ್ವಾಥವೆಂದೂ ಫಾಂಟವೆಂದೂ ಭೇದವನ್ನು ಮಾಡಿರುವರು. ಕ್ವಾಥವೆಂದರೆ ಕುದಿಸಿ ಇಳಿಸತಕ್ಕದ್ದು. ಶಾರ್ಙ್ಗಧರ ಸಂಹಿತೆಯು ಒಂದು ಭಾಗ ದ್ರವ್ಯಕ್ಕೆ ಹದಿನಾರು ಭಾಗ ನೀರನ್ನಿಟ್ಟು ಎಂಟನೆಯ ಒಂದು ಭಾಗಕ್ಕೆ ಇಳಿಸಬೇಕೆಂದು ವಿಧಿಸಿದೆ. ಫಾಂಟವೆಂದರೆ ಕುದಿದ ನೀರನ್ನು ಸುರಿದು ಮುಚ್ಚಿಟ್ಟು ಸೋಸತಕ್ಕದ್ದು. ಬೇರು, ತೊಗಟೆಗಳಂಥ ಗಟ್ಟಿ ಪದಾರ್ಥಕ್ಕೆ ಮೊದಲನೆಯದು, ಎಲೆ ಹೂವುಗಳಿಗೆ ಎರಡನೆಯದು ತಕ್ಕದ್ದು. ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲುಗಳ ಪರಿಮಳವು ಹಾರುವ ತೈಲಗಳಿಂದ ಆದದ್ದು. ಪಾತ್ರೆಯನ್ನು ತೆರೆದಿಟ್ಟು ಬಹಳ ಹೊತ್ತು ಕುದಿಸಿದರೆ ಅದು ಅಡಿಗೆಮನೆಯನ್ನು ತುಂಬುವುದೇ ಹೊರತು ಲೋಟದಲ್ಲಿ ಉಳಿಯುವುದಿಲ್ಲ. ಆದುದರಿಂದ ಜಜ್ಜಿದ ಶುಂಠಿಯನ್ನು ಮೊದಲು ಕುದಿಸಿ, ಪಾತ್ರೆಯನ್ನು ಇಳಿಸಿದ ಮೇಲೆ ಆರೆಂಟು ತುಳಸಿ ಎಲೆಗಳನ್ನೋ ಒಂದು ಗರಿ ಮಜ್ಜಿಗೆಹುಲ್ಲನ್ನೋ ಹಾಕಿ ಐದು ನಿಮಿಷ ಮುಚ್ಚಿಡಬೇಕು. ಇಷ್ಟರಿಂದಲೇ ಸೌದೆಯೂ ಉಳಿಯುವುದು, ಗುಣವೂ ಉಳಿಯುವುದು. ನಿಂಬೆರಸ ಮೊದಲಾದ ಹುಳಿ ಸೇರುವುದಾದರೆ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಉಪಯೋಗಿಸಕೂಡದು.

ಹೀಗೆ ಮಾಡಿದ ಕಷಾಯದಿಂದ ಆಗುವ ಪ್ರಯೋಜನವೇನು? ನೆಗಡಿಯನ್ನು ಉಂಟುಮಾಡುವುದು ಚಳಿಯಲ್ಲ, ಕಣ್ಣಿಗೆ ಕಾಣದ ವೈರಸ್ಸು. ಅದನ್ನು ಕೊಲ್ಲುವ ಕಷಾಯವು ಯಾರ ಮನೆಯಲ್ಲಿಯೂ ಇಲ್ಲ. ವಾರ ಹತ್ತು ದಿನಗಳಲ್ಲಿ ನೆಗಡಿಯು ತಾನಾಗಿಯೇ ಇಳಿಯುವುದು. ಆ ಮಧ್ಯೆ ರೋಗಿಗೆ ನೆಮ್ಮದಿಯನ್ನು ಕೊಡುವುದೇ ಬಿಸಿ ಪಾನೀಯದ ಕೆಲಸ. ಇದು ಸಣ್ಣ ಕೆಲಸವೇನೂ ಅಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನೆಗಡಿ ಹಿಡಿದಿದ್ದ ೩೦ ಮಂದಿಗೆ ಹಣ್ಣಿನ ಪಾನಕವನ್ನು ಬಿಸಿಯಾಗಿಯೂ ಬಿಸಿಯಿಲ್ಲದೆಯೂ ಕೊಟ್ಟು ನೋಡಿ, ತಮ್ಮ ಫಲಿತಾಂಶವನ್ನು ೨೦೦೮ರಲ್ಲಿ ಪ್ರಕಟಿಸಿದರು. ಮೂಗಿನೊಳಗಣ ಗಾಳಿಯ ಹಾದಿಯು ಅಳತೆಗೆ ಸಿಕ್ಕುವಷ್ಟು ತೆರೆಯದಿದ್ದರೂ, ಬಿಸಿಯಾಗಿ ಕುಡಿದಾಗ ಗಂಟಲು ನೋವು, ಮೈಚಳಿ, ದಣಿವುಗಳು ಕೂಡಲೇ ತಗ್ಗಿದಂತೆ ತೋರಿತೆಂದು ಅವರು ಕಂಡರು. ನಮ್ಮ ಕಷಾಯದಲ್ಲಿ ಈ ಬಿಸಿಯ ಗುಣದ ಜೊತೆಗೆ ಶುಂಠಿ ಮೆಣಸುಗಳ ಖಾರವೂ ಉಂಟು. ಗಂಟಲಿನ ಕಫವು ಸಡಿಲವಾಗುವುದೂ ಬಾಯಿರುಚಿ ಬರುವುದೂ ಕುಡಿದವರ ಅನುಭವ. ಇದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಹೆಚ್ಚಿನದನ್ನು ನಿರೀಕ್ಷಿಸಿದರೆ ಏನಾಗುವುದೆಂಬುದನ್ನು ೨೦೨೦ರ ಕೋವಿಡ್ ಪಿಡುಗಿನ ಕಾಲದಲ್ಲಿ ಕಂಡೆವು. ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯವು ಆಗ ಪ್ರಚುರಪಡಿಸಿದ ಕ್ವಾಥದಲ್ಲಿ ತುಳಸಿ ನಾಲ್ಕು ಭಾಗ, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಮೆಣಸು ಒಂದು ಭಾಗವಿದ್ದಿತು. ಆ ಪುಡಿಯ ೩ ಗ್ರಾಮನ್ನು ೧೫೦ ಮಿಲಿಲೀಟರ್ ಕುದಿದ ನೀರಿಗೆ ಹಾಕಿ ದಿನಕ್ಕೆ ಒಂದೆರಡು ಸಲ ಕುಡಿಯಬೇಕೆಂದು ಹೇಳಿತ್ತು. ಅದು ಅಡಿಗೆಯ ಮಿತಿಯೇ. ಆದರೆ ಭಯಪಟ್ಟ ಜನರು ದಿನಕ್ಕೆ ಐದಾರು ಸಲ, ಕೈಗೆ ಸಿಕ್ಕಿದ್ದನ್ನೆಲ್ಲ ಕುದಿಸಿ ಕುಡಿದು, ಹೊಟ್ಟೆಯುರಿ ಬಾಯಿಹುಣ್ಣುಗಳನ್ನು ತಂದುಕೊಂಡದ್ದುಂಟು. ೨೦೨೧ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿಯನ್ನು ಸೇವಿಸುತ್ತಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ವರದಿಮಾಡಿದರು. ಅವರು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಅಥವಾ ಅದನ್ನು ಹೋಲುವ ಬೇರೆ ಬಳ್ಳಿಯೇ ಎಂಬುದು ನಿರ್ಧಾರವಾಗಿಲ್ಲವೆಂದು ಆಯುಷ್ ಮಂತ್ರಾಲಯವು ಆಕ್ಷೇಪಿಸಿತು. ಈ ವಾದದಲ್ಲಿ ಯಾರ ಪಕ್ಷವು ಸರಿಯಾದರೂ ಒಕ್ಕಲಿಗನು ಕಲಿಯಬೇಕಾದ ಪಾಠವು ಒಂದೇ. ಗುರುತು ಸರಿಯಾಗಿ ತಿಳಿಯದ ಬಳ್ಳಿಯನ್ನು ಕುದಿಸಕೂಡದು; ಅಡಿಗೆಗೆ ಬಾರದ ಗಿಡಮೂಲಿಕೆಯನ್ನು ವೈದ್ಯರ ಮಾತಿಲ್ಲದೆ ದಿನವೂ ಕುಡಿಯಕೂಡದು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಹೆಸರಿಗೂ ಒಪ್ಪುವುದು.

ಅಡಿಗೆಯ ಪದಾರ್ಥಗಳಲ್ಲಿಯೂ ಕೆಲವಕ್ಕೆ ಮಿತಿಯುಂಟು. ಪೇಟೆಯಲ್ಲಿ ದಾಲ್ಚಿನ್ನಿಯೆಂದು ಸಿಗುವ ದಪ್ಪನೆಯ ಒರಟು ಚಕ್ಕೆಯು ಬಹುಮಟ್ಟಿಗೆ ಕ್ಯಾಸಿಯಾ ಎಂಬ ಬೇರೆ ಮರದ ತೊಗಟೆ. ಅದರಲ್ಲಿರುವ ಕೂಮರಿನ್ ಎಂಬ ಅಂಶವು ಹೆಚ್ಚಾಗಿ ಒಳಸೇರಿದರೆ ಯಕೃತ್ತಿಗೆ ಒಳ್ಳೆಯದಲ್ಲ. ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದ ಒತ್ತಡವೇರುವುದು. ಬೆಲ್ಲವೂ ಸಕ್ಕರೆಯ ಬಂಧುವೇ ಆದುದರಿಂದ ಸಿಹಿಮೂತ್ರ ರೋಗವುಳ್ಳವರು ಅದನ್ನು ಬಿಡಬೇಕು. ಒಂದು ವರುಷ ತುಂಬದ ಕೂಸಿಗೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ಕೊಡಕೂಡದು. ಗರ್ಭಿಣಿಯರೂ, ರಕ್ತವನ್ನು ತೆಳುವಾಗಿಸುವ ಗುಳಿಗೆಗಳನ್ನು ನುಂಗುವವರೂ ಸಾರಿನಲ್ಲಿ ಬೀಳುವ ಪ್ರಮಾಣವನ್ನು ಮೀರುವ ಮೊದಲು ವೈದ್ಯರನ್ನು ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದುಂಟು. ಕಷಾಯದಿಂದ ಸಿಗುವ ನೆಮ್ಮದಿಯೇ ಕೆಲವೊಮ್ಮೆ ಕೇಡಿಗೆ ಕಾರಣವಾಗುವುದು. ಎರಡು ವಾರಗಳಿಗೆ ಮೀರಿ ಉಳಿದ ಕೆಮ್ಮು ಕ್ಷಯವಾಗಿರಬಹುದು. ಕಫದ ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರದ ಆಸ್ಪತ್ರೆಗಳಲ್ಲಿ ಹಣವಿಲ್ಲದೆ ದೊರಕುವುವು. ಆ ಕೆಮ್ಮನ್ನು ಕಷಾಯದಿಂದ ಎರಡು ತಿಂಗಳು ತಣಿಸುತ್ತ ಕುಳಿತರೆ ಅಷ್ಟರಲ್ಲಿ ಮನೆಯ ಮಕ್ಕಳಿಗೂ ಅದು ಅಂಟಿರುವುದು. ಮಲೆನಾಡಿನವರಿಗಂತೂ ಮತ್ತೊಂದು ಭಯವುಂಟು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮೊದಲು ಗುರುತಿಸಲ್ಪಟ್ಟ, ಮಂಗನ ಕಾಯಿಲೆಯೆಂದು ಹೆಸರಾದ ಜ್ವರವು ಉಣುಗುಗಳ ಕಡಿತದಿಂದ ಬರತಕ್ಕದ್ದು. ಅದು ಹೆಚ್ಚಾಗಿ ಹಬ್ಬುವುದು ಇದೇ ಡಿಸೆಂಬರಿನಿಂದ ಬೇಸಗೆಯವರೆಗೆ. ಸೊಪ್ಪು ಸೌದೆಗೆ ಕಾಡಿಗೆ ಹೋಗಿಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು ಚಳಿಗಾಲದ ನೆಗಡಿಯೆಂದು ಎಣಿಸಿ ಕಷಾಯ ಕುಡಿದು ಮಲಗಕೂಡದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಣದ ದೂಳಿನಿಂದ ಬಂದ ಕೆಮ್ಮಿಗೂ ಕಷಾಯವು ಪರಿಹಾರವಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೂರುವುದೇ ಅದಕ್ಕೆ ಸರಿಯಾದ ಉಪಾಯ. ಮೂರು ದಿನಕ್ಕೆ ಇಳಿಯದ ಜ್ವರ, ಉಸಿರಾಟದ ತೊಂದರೆ, ಹಾಲು ಕುಡಿಯದ ಕೂಸು, ಇವು ಒಲೆಯ ಮುಂದೆ ಕೂತು ಕಾಯತಕ್ಕ ಸಂಗತಿಗಳಲ್ಲ.

ಇಷ್ಟೆಲ್ಲ ಕೆಲಸಕ್ಕೆ ಹೊತ್ತೆಲ್ಲಿದೆಯೆಂದು ಕೆಲವರು ಕೇಳಬಹುದು. ಅವರ ಮಾತು ಸುಳ್ಳಲ್ಲ. ಆದರೆ ಹೊತ್ತಿಲ್ಲದಿರುವುದು ಯಾರಿಗೆಂಬುದನ್ನು ನೋಡಬೇಕು. ನಮ್ಮ ಮನೆಗಳಲ್ಲಿ ಕಷಾಯದ ಹೊರೆಯೆಲ್ಲ ಹೆಂಗಸರ ಮೇಲೆ ಬಿದ್ದಿದೆ. ಎಲ್ಲರಿಗೂ ಕಾಯಿಸಿಕೊಟ್ಟು ಕಡೆಗೆ ಪಾತ್ರೆಯ ತಳದಲ್ಲಿ ಉಳಿದುದನ್ನು ಕುಡಿಯುವವಳು ಅವಳು; ನೆಗಡಿಯಾದರೂ ನೀರಿನಲ್ಲಿ ಕೈಯಾಡಿಸುವವಳೂ ಅವಳೇ. ಮಡಿಯನ್ನು ಅಗೆಯುವ, ಗೊಬ್ಬರ ಹೊರುವ, ಶುಂಠಿ ಹೆರೆಯುವ ಕೆಲಸವನ್ನು ಗಂಡಸರು ವಹಿಸಿಕೊಂಡರೆ ಹೊತ್ತು ತಾನಾಗಿಯೇ ಒದಗುವುದು. ಎಕರೆಗಟ್ಟಲೆ ಉಳುವವನಿಗೆ ಅರುವತ್ತು ಚದರಡಿಯನ್ನು ಅಗೆಯುವುದು ಅರ್ಧ ದಿನದ ಕೆಲಸವೂ ಅಲ್ಲ. ನೆಲವೇ ಇಲ್ಲದ ಕೂಲಿಯವರು ಒಡೆದ ಕೊಡದಲ್ಲಿಯೋ ಹಳೆಯ ಡಬ್ಬದಲ್ಲಿಯೋ ತುಳಸಿ ದೊಡ್ಡಪತ್ರೆಗಳನ್ನು ಬೆಳೆಯಬಹುದು. ತಳದಲ್ಲಿ ನೀರು ಬಸಿಯಲು ತೂತಿದ್ದರೆ ಸಾಕು.

ಇಲಾಖೆಯವರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಮಾರುಕಟ್ಟೆಯ ಬೆಳೆಗೆ ಬೀಜ, ಗೊಬ್ಬರ, ಸಲಹೆ ಎಲ್ಲವೂ ಉಂಟು. ಮನೆಯವರು ತಿನ್ನುವ, ಕುಡಿಯುವ ಬೆಳೆಯ ಕಡೆಗೂ ಅಷ್ಟೇ ಕಣ್ಣಿರಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿಯೂ ತೋಟಗಾರಿಕೆಯ ಸಸ್ಯಕ್ಷೇತ್ರಗಳಲ್ಲಿಯೂ ರೋಗವಿಲ್ಲದ ಶುಂಠಿಯ ನಾಲ್ಕು ತುಂಡು, ಪೊದೆಮೆಣಸಿನ ಒಂದು ಸಸಿ, ಮಜ್ಜಿಗೆಹುಲ್ಲಿನ ಎರಡು ಬುಡ ಇಷ್ಟನ್ನು ಒಂದು ಕಟ್ಟಾಗಿ ಕೊಡುವ ಏರ್ಪಾಡಾದರೆ ಖರ್ಚು ಅತ್ಯಲ್ಪ, ಫಲವು ಬಹಳ. ಗಿಡಗಳ ಗುರುತನ್ನು ಕಲಿಸಲು ಶಾಲೆಯ ತೋಟವು ಅತ್ಯಂತ ಯೋಗ್ಯವಾದ ಸ್ಥಳ. ಊರಿನ ವೃದ್ಧೆಯರನ್ನು ಒಂದು ದಿನ ಅಲ್ಲಿಗೆ ಕರೆಸಿ ಅವರ ಬಾಯಿಂದಲೇ ಮಕ್ಕಳಿಗೆ ಹೇಳಿಸಿದರೆ ಇನ್ನೂ ಒಳ್ಳೆಯದು. ಆರೋಗ್ಯ ಕಾರ್ಯಕರ್ತೆಯೂ ಅಂದು ಬಂದು, ಕಷಾಯವು ಎಲ್ಲಿಗೆ ಮುಗಿದು ಆಸ್ಪತ್ರೆಯು ಎಲ್ಲಿಂದ ಮೊದಲಾಗುವುದೆಂಬುದನ್ನು ತಿಳಿಸಿದರೆ ಆ ಪಾಠವು ಪೂರ್ಣವಾಗುವುದು.

ಈ ಚಳಿಗಾಲವು ಮುಗಿಯುವುದರೊಳಗೆ ಪ್ರತಿಯೊಬ್ಬ ಬೇಸಾಯಗಾರನೂ ಮೂರು ಕೆಲಸಗಳನ್ನು ಮಾಡಬಹುದು. ಮನೆಯ ಬಳಿ ಮಡಿಗೆ ತಕ್ಕ ಜಾಗವನ್ನು ಗುರುತಿಸಿ ದೊಡ್ಡಪತ್ರೆಯ ತುಂಡುಗಳನ್ನು ಈಗಲೇ ಊರಬಹುದು. ಶುಂಠಿ ಕೀಳುವಾಗ ರೋಗವಿಲ್ಲದ ಗಡ್ಡೆಗಳನ್ನು ಆರಿಸಿ ಮುಂದಿನ ನಾಟಿಗೆ ತೆಗೆದಿಡಬಹುದು. ಮಂಡಿಗೆ ಹೋಗುವ ಚೀಲವನ್ನು ಹೊಲಿಯುವ ಮೊದಲು ಮನೆಯ ವರುಷದ ಖರ್ಚಿಗಾಗುವಷ್ಟು ಮೆಣಸು, ಕೊತ್ತಂಬರಿ, ಶುಂಠಿಗಳನ್ನು ಪಕ್ಕಕ್ಕೆ ಅಳೆದಿಡಬಹುದು. ಬಿತ್ತನೆಗೆ ಬೀಜವನ್ನೂ ಊಟಕ್ಕೆ ರಾಗಿಯನ್ನೂ ತೆಗೆದಿಟ್ಟು ಮಿಕ್ಕದ್ದನ್ನು ಮಾರುವುದು ಒಕ್ಕಲುತನದ ಹಳೆಯ ನೀತಿ. ಕಷಾಯದ ಪದಾರ್ಥಕ್ಕೂ ಆ ನೀತಿಯು ಸಲ್ಲತಕ್ಕದ್ದೇ.